ಶಾಂಭವಿಯ ಹಾಜರಿ

ವನದುರ್ಗದ ನಮ್ಮ ಶಾಲೆಯಲ್ಲಿ ಖಂಡಪ್ಪ ಮಾಸ್ತರರಷ್ಟು ಬಾಯಿ ಜೋರಿರುವವರು ಇನ್ನೊಬ್ಬರಿಲ್ಲ. ಮೂವತ್ತೊಂದು ವರ್ಷದ ನೌಕರಿ. ಆರು ವರ್ಷದಿಂದ ನಾನು ಅವರೊಡನೆ ಜಗಳವಾಡುತ್ತಲೇ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದೇನೆ.

ಈ ವರ್ಷ ಹಾಜರಿ ಪುಸ್ತಕ ರದ್ದಾಗಿ ಮೊಬೈಲ್ ಬಂತು. ಮಗುವಿನ ಮುಖಕ್ಕೆ ಅದನ್ನು ಹಿಡಿಯಬೇಕು. ಜೂನ್‌ನಲ್ಲಿ ತೆಗೆದ ಫೋಟೋಗೆ ಮುಖ ಹೊಂದಿದರೆ ಹಸಿರು ಗುರುತು, ಇಲ್ಲದಿದ್ದರೆ ಗೈರುಹಾಜರಿ. ಇದನ್ನು ಕಲಿಸಲು ನಮಗೆ ಎರಡು ದಿನ ತರಬೇತಿ ಕೊಟ್ಟರು. ಆ ಎರಡೂ ದಿನ ಶಾಲೆಗೆ ಬೀಗ.

"ಮಕ್ಕಳು ಬಂದಾರೋ ಇಲ್ಲೋ ತಿಳ್ಕೊಳ್ಳಾಕ ಸಾಲಿನೇ ಬಂದ್ ಮಾಡಿದ್ರಲ್ರಿ!" ಎಂದು ಮಾಸ್ತರರು ಉರಿದುಬಿದ್ದರು.

ದಸರೆ ರಜೆ ಮುಗಿದ ಮೇಲೆ ಐದನೆಯ ತರಗತಿಯ ಶಾಂಭವಿ ಬೋಳು ತಲೆಯಲ್ಲಿ ಬಂದಳು. ಮಗಳು ಕಾಮಾಲೆಯಿಂದ ಉಳಿದಳೆಂದು ತಾಯಿ ಗೊಲ್ಲಾಳಮ್ಮ ಮನೆದೇವರಿಗೆ ಮುಡಿ ಕೊಡಿಸಿದ್ದಳು. ದೇವರು ಗುರುತು ಹಿಡಿದ, ಮೊಬೈಲ್ ಹಿಡಿಯಲಿಲ್ಲ.

ವಾರವಿಡೀ ಮುಂದಿನ ಸಾಲಲ್ಲಿ ಕುಳಿತು ಮಗ್ಗಿ ಒಪ್ಪಿಸಿದ ಹುಡುಗಿ ದಾಖಲೆಯ ಪ್ರಕಾರ ಶಾಲೆಗೇ ಬಂದಿರಲಿಲ್ಲ. ಹಾಜರಿ ಕಡಿಮೆಯಾದರೆ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವಂತಿಲ್ಲ. ಆ ಶಾಲೆ ಸಿಗದಿದ್ದರೆ ಬರುವ ವರ್ಷ ಅವಳನ್ನು ಹತ್ತಿ ಬಿಡಿಸಲು ಕರೆದೊಯ್ಯುವುದೆಂದು ಮನೆಯಲ್ಲಿ ಮಾತಾಗಿತ್ತು.

ಮಾಸ್ತರರು ಯಾದಗಿರಿಯ ಶಿಕ್ಷಣ ಇಲಾಖೆ ಕಚೇರಿಗೆ ಫೋನು ಮಾಡಿದರು.

"ಸಾಹೇಬ್ರ, ಹುಡುಗಿ ನನ್ನ ಎದುರಿಗೇ ಕುಂತಾಳ್ರಿ."

"ನಮ್ಮ ಕಂಪ್ಯೂಟರಿನಾಗ ಇಲ್ಲಲ್ರಿ ಮಾಸ್ತರ."

"ಬೇಕಂದ್ರ ಅಕಿ ಕೂಡ ಮಾತಾಡ್ರಿ!"

"ಮಾತಿಗಿ ಹಾಜರಿ ಬೀಳಂಗಿಲ್ರಿ. ಕೂದಲ ಬೆಳೀಲಿ, ಎಲ್ಲಾ ಸರಿ ಆಗ್ತದ."

ಮರುದಿನ ಗೊಲ್ಲಾಳಮ್ಮ ತಾನು ಜಡೆಗೆ ಸೇರಿಸಿಕೊಳ್ಳುವ ಚೌರಿಯನ್ನೇ ತಂದು ಮಗಳ ತಲೆಗೆ ಕಟ್ಟಿದಳು. ಮೊಬೈಲ್ ಅದನ್ನೂ ಒಪ್ಪಲಿಲ್ಲ. "ಹಾಳಾಗಿ ಹೋಗು ಅತ್ಲಾಗ!" ಎಂದು ಮಾಸ್ತರರು ಸಿಟ್ಟಿನಿಂದ ಮೊಬೈಲನ್ನು ಗೋಡೆಯತ್ತ ತಿರುಗಿಸಿದರು. ಗೋಡೆಯ ಮೇಲೆ ಧ್ವಜಾರೋಹಣದ ದಿನ ತೆಗೆಸಿದ ಮಕ್ಕಳ ಫೋಟೋ ಇತ್ತು. ಟಿಣ್ ಎಂದಿತು ಮೊಬೈಲ್. ಕಟ್ಟು ಹಾಕಿದ ಫೋಟೋದೊಳಗಿನ ಎರಡು ಜಡೆಯ ಶಾಂಭವಿ ಹಾಜರ್!

ಅಂದಿನಿಂದ ಫೋಟೋಗೆ ಹಾಜರಿ, ಹುಡುಗಿಗೆ ಪಾಠ. ಅರ್ಜಿಯೂ ಹೋಯಿತು. ಹಾಜರಿ ಸುಧಾರಿಸಿದೆಯೆಂದು ಶಾಲೆಗೆ ಪ್ರಶಂಸಾಪತ್ರ ಬಂದಾಗ ಮಾಸ್ತರರು ಅದನ್ನು ಆ ಫೋಟೋದ ಪಕ್ಕದಲ್ಲೇ ತೂಗುಹಾಕಿದರು.

ಆಗ ಶಾಂಭವಿ ಕೇಳಿದಳು: "ಸರ್, ಪರೀಕ್ಷಿಗಿ ನಾ ಹೋಗ್ಲೇನ್ರಿ, ಫೋಟೋ ಕಳಸ್ತೀರೇನ್ರಿ?"

ನನಗೆ ನಗು ಬಂತು. ಮಾಸ್ತರರ ಮುಖ ಮಾತ್ರ ಕಪ್ಪಿಟ್ಟಿತು. ಅಲ್ಲಿಯೂ ಮುಖ ನೋಡುವ ಮೊಬೈಲ್ ಇದ್ದರೆ? ಪರೀಕ್ಷೆಯ ದಿನ ಶಾಂಭವಿಯನ್ನು ಕರೆದುಕೊಂಡು ನಾವಿಬ್ಬರೂ ಹೊರಟಾಗ ಅವರು ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಶಹಾಪುರದವರೆಗೂ ತೊಡೆಯ ಮೇಲಿಂದ ಇಳಿಸಲಿಲ್ಲ.

ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಗೌಹರಬೇಗಂ ಎಂಬ ಹಿರಿಯ ಶಿಕ್ಷಕಿ ಪಟ್ಟಿ ಹಿಡಿದು ನಿಂತಿದ್ದರು. ಮಾಸ್ತರರು ಗಡಬಡಿಸಿ ಟವೆಲು ಬಿಚ್ಚತೊಡಗಿದರು.

ಆಕೆ ಅತ್ತ ನೋಡಲೇ ಇಲ್ಲ. "ಹೆಸರೇನವ್ವ ನಿಂದು?"

"ಶಾಂಭವಿ ರೀ."

ಆಕೆ ಪಟ್ಟಿಯಲ್ಲಿ ಗುರುತು ಹಾಕಿ, ಆಗಷ್ಟೇ ಚಿಗುರುತ್ತಿದ್ದ ಕೂದಲಿನ ಮೇಲೆ ಕೈಯಾಡಿಸಿದರು. "ಮೂರನೇ ಖೋಲಿ. ಹೋಗು, ಚಲೋ ಬರಿ."

ಹುಡುಗಿ ಒಳಗೆ ಓಡಿದಳು.

"ಹೆಸರು ಕೇಳಿದ್ರು ನೋಡ್ರಿ ಟೀಚರ್," ಎಂದರು ಖಂಡಪ್ಪನವರು ನನ್ನತ್ತ ತಿರುಗಿ, ಫೋಟೋ ಸುತ್ತಿದ್ದ ಟವೆಲಿನಿಂದಲೇ ಕಣ್ಣೊರೆಸಿಕೊಳ್ಳುತ್ತಾ. "ಬರೇ ಹೆಸರು ಕೇಳಿದ್ರು."