ಕಡಲಿಗೆ ಹೊರಟ ಸೋರೆಬುರುಡೆಗಳು

ಕೋಝಿಕ್ಕೋಡಿನ ಬಸ್ಸು ವಯನಾಡಿನ ಘಟ್ಟ ಹತ್ತಿ, ಬಂಡೀಪುರದ ಕಾಡು ದಾಟಿ, ಮಂಗಳವಾರ ಮಧ್ಯಾಹ್ನ ನನ್ನನ್ನು ಗುಂಡ್ಲುಪೇಟೆಯಲ್ಲಿ ಇಳಿಸಿತು. ಗೋಪಾಲಸ್ವಾಮಿ ಬೆಟ್ಟದ ತಲೆ ಮಂಜಿನೊಳಗಿತ್ತು. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು.

ಕೊಚ್ಚಿಯಲ್ಲಿ ನಮ್ಮ ಹಾಯಿದೋಣಿ ದೂರದ ಸಾಗರಪಂದ್ಯಕ್ಕೆ ಸಿದ್ಧವಾಗುತ್ತಿತ್ತು. ನಾಲ್ಕು ಜನ, ನಲವತ್ತು ದಿನ, ಎಲ್ಲೂ ನೆಲ ಮುಟ್ಟುವಂತಿಲ್ಲ. ಕಡಲಿಗೆ ಒಂದು ಚೂರು ಪ್ಲಾಸ್ಟಿಕ್ಕೂ ಬೀಳಬಾರದೆಂದು ಹಟ ಹಿಡಿದವಳು ನಾನು. ಊಟದ ಹೊಣೆಯೂ ನನ್ನದೇ. ತಗಡಿನ ಡಬ್ಬಿ ಭಾರ, ಮಡಕೆ ಅಲೆಗೆ ಒಡೆಯುತ್ತದೆ. ದೋಣಿಯ ನಾಯಕ ಪ್ರಕಾಶ ಖಡಾಖಂಡಿತವಾಗಿ ಹೇಳಿದ್ದ: "ಶುಕ್ರವಾರದೊಳಗೆ ಬೇರೆ ದಾರಿ ತೋರಿಸು. ಇಲ್ಲದಿದ್ರೆ ಪ್ಲಾಸ್ಟಿಕ್ ಪೊಟ್ಟಣಗಳನ್ನೇ ತುಂಬಿಸ್ತೀನಿ."

ರಾಗಿ ಹುರಿಹಿಟ್ಟು ಬಹಳ ದಿನ ಕೆಡುವುದಿಲ್ಲ. ಚಾಮರಾಜನಗರದ ಬಳಿಯ ಹರವೆ ಹಳ್ಳಿಯ ಚಿಕ್ಕತಾಯಮ್ಮನ ಕೈಯ ಹಿಟ್ಟಿನ ಬಗ್ಗೆ ಗೆಳತಿಯೊಬ್ಬಳು ಹೇಳಿದ್ದಳು. ಇನ್ನೊಂದು ಬಸ್ಸು ಹಿಡಿದು ಸಂಜೆಗೆ ಅವರ ಮನೆ ಸೇರಿದೆ. ಜಂತೆಯಲ್ಲಿ ಒಣಗಿದ ಸೋರೆಬುರುಡೆಗಳು ತೂಗುತ್ತಿದ್ದವು.

"ಒಳ್ಗೆ ಬಿತ್ನೆ ಬೀಜ ಅದೆ ಕಣಮ್ಮಿ. ಉಳ ಬೀಳಲ್ಲ, ತಂಡಿ ಇಡಿಯಲ್ಲ" ಎಂದರು ಚಿಕ್ಕತಾಯಮ್ಮ.

ಒಂದನ್ನು ಇಳಿಸಿ ಕೈಯಲ್ಲಿ ತೂಗಿ ನೋಡಿದೆ. ಹಗುರ, ಒಡೆಯದು, ನೀರಿಗೆ ಬಿದ್ದರೂ ಕೊಳೆತು ಮಣ್ಣಾಗುವಂಥದ್ದು. ಒಂದಕ್ಕೆ ಹಿಟ್ಟು ತುಂಬಿ, ಬಾಯಿಗೆ ಜೇನುಮೇಣ ಬಳಿದು, ಉಪ್ಪುನೀರಿನ ಡ್ರಮ್ಮಿನಲ್ಲಿ ಕಲ್ಲು ಕಟ್ಟಿ ಮುಳುಗಿಸಿದೆವು.

ಬುಧವಾರ ಮಧ್ಯಾಹ್ನ ತೆರೆದರೆ ಒಳಗೆ ಅಂಬಲಿ! ನಾನು ಜಗಲಿಯ ಮೇಲೆ ಕುಸಿದು ಕೂತೆ. ಚಿಕ್ಕತಾಯಮ್ಮ ಬುರುಡೆಯ ಬಾಯಿಯನ್ನು ಬೆರಳಿನಿಂದ ಸವರಿ ನೋಡಿದರು. ಮೇಣ ಹಪ್ಪಳದಂತೆ ಎದ್ದು ಬಂತು.

"ಬುರುಡೆ ತಣ್ಣಗಿತ್ತು, ಅದ್ಕೇ ಮೇಣ ಕಚ್ಕಂಡಿಲ್ಲ. ಬಿಸ್ಲಲ್ಲಿ ಚೆಂದಾಗಿ ಕಾಯಿಸ್ಬುಟ್ಟು ಬಳಿಯನ. ಮೊಕ ಯಾಕ್ ಅಂಗ್ ಮಾಡ್ಕಂಡಿದ್ದೀಯೆ? ಏಳು."

ಎರಡನೆಯದು ಅಂದೇ ಇಳಿಹೊತ್ತಿಗೆ ಡ್ರಮ್ಮಿಗಿಳಿಯಿತು. ಗುರುವಾರ ಬೆಳಿಗ್ಗೆ ಅವರು ಇನ್ನಷ್ಟು ರಾಗಿ ಹುರಿಯಲು ಕೂತರು. "ಇದೂ ಸೋರಿದರೆ?" ಎಂದೆ. "ಸೋರಲ್ಲ, ನೀನು ಮೇಣ ತಕ್ಕಬಾ ಓಗು" ಎಂದು ನನ್ನನ್ನು ಚಾಮರಾಜನಗರಕ್ಕೆ ಅಟ್ಟಿದರು. ಪೇಟೆಯಲ್ಲಿ ಮೇಣ, ಬೆಲ್ಲ, ಸೆಣಬಿನ ಹಗ್ಗ ಕೊಂಡೆ. 

ಸಂಜೆ ಬೀದಿಯ ಹೆಂಗಸರೆಲ್ಲ ಡ್ರಮ್ಮಿನ ಸುತ್ತ ನೆರೆದಿದ್ದರು. ಚಿಕ್ಕತಾಯಮ್ಮ ಕುಡುಗೋಲಿನಿಂದ ಮೇಣ ಕೊರೆದು ಬುರುಡೆ ಬೋರಲು ಹಾಕಿದರು. ಹಿಟ್ಟು ಸುರ್ರನೆ ನನ್ನ ಅಂಗೈಗೆ ಸುರಿದು ಗಾಳಿಗೆ ಹಾರಿತು. ಒಣಗಿತ್ತು, ಬೂದಿಯಷ್ಟು ಒಣಗಿತ್ತು! ನಾನು ಕೂಗಿಕೊಂಡೆ. ಎಲ್ಲರೂ ಬೆಲ್ಲ ಕಲಸಿ ಅಲ್ಲೇ ತಿಂದೆವು.

ಶುಕ್ರವಾರ ಬೆಳಿಗ್ಗೆ ಮನೆಮನೆಯಿಂದಲೂ ಬುರುಡೆಗಳು ಬಂದವು. ಬಿಸಿಲಲ್ಲಿ ಕಾಯಿಸಿ, ತುಂಬಿ, ಮೇಣ ಹಾಕುವ ಹೊತ್ತಿಗೆ ಮೂವತ್ತಾರಾದವು. ಹೊರಡುವಾಗ ಚಿಕ್ಕತಾಯಮ್ಮ ನನ್ನ ಕೈ ಹಿಡಿದರು. "ಖಾಲಿ ಬುರುಡೆಗಳ್ನ ಸಮುದ್ರುಕ್ಕೆ ಎಸ್ದುಬುಟ್ಟೀಯೆ! ವಾಪಸ್ ತಕ್ಕಬಾ, ಅವರೆಬೀಜ ತುಂಬ್ಕಬೇಕು." ಕಡಲಿಗೆ ಏನನ್ನೂ ಎಸೆಯಬಾರದೆಂದು ದೋಣಿಯವರಿಗೆ ನಾನು ತಿಂಗಳುಗಟ್ಟಲೆ ಹೇಳಿದ್ದೆ. ಕಡಲನ್ನೇ ಕಾಣದ ಈಕೆಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಗುಂಡ್ಲುಪೇಟೆಯ ಎಸ್‌ಟಿಡಿ ಬೂತಿನಿಂದ ಪ್ರಕಾಶನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವನು, "ಒಂದು ಹಗಲು ಒಂದು ರಾತ್ರಿ ಉಪ್ಪುನೀರಲ್ಲಿತ್ತಾ? ಹಾಗಾದ್ರೆ ಪೊಟ್ಟಣದ ಅಂಗಡಿಯವನಿಗೆ ಬೇಡ ಅಂತ ಹೇಳಿಬಿಡ್ತೀನಿ" ಎಂದ.

ಕಂಡಕ್ಟರ್ ಬಸ್ಸಿನ ಮೇಲೆ ಬುರುಡೆಗಳನ್ನು ಕಟ್ಟಿಸಿ, ಅವಕ್ಕೂ ಟಿಕೆಟ್ ಹರಿದ. ಬಸ್ಸು ಊರು ಬಿಟ್ಟಿತು. ಇಳಿಬಿಸಿಲಿಗೆ ಅದರ ನೆರಳು ಹೊಲಗಳ ಮೇಲೆ ನಮ್ಮ ಜೊತೆಗೇ ಓಡುತ್ತಿತ್ತು. ನೆರಳಿನ ನೆತ್ತಿಯ ಮೇಲೆ ನನ್ನ ಬುರುಡೆಗಳು ಒತ್ತಾಗಿ ಕೂತು ಕುಲುಕುತ್ತಿದ್ದವು. ಕಾಡು ಶುರುವಾಗುವವರೆಗೂ ಕಿಟಕಿಯಿಂದ ಕತ್ತು ಹೊರಹಾಕಿ ಅವನ್ನೇ ನೋಡುತ್ತಿದ್ದೆ.