ಬಿಸಿ ತಿಳಿಯದ ಕೈಗಳು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಹಿರಿಯೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಒಂದು ಬೆಳಿಗ್ಗೆ ಖಲಂದರ್ ಸಾಹೇಬರು ಭುಜದ ನೋವೆಂದು ಬಂದರು. ಹೊಳಲ್ಕೆರೆ, ಹೊಸದುರ್ಗದವರೆಗೂ ಮದುವೆಗಳಿಗೆ ಬಿರಿಯಾನಿ ಮಾಡುತ್ತಿದ್ದವರು ಅವರು. ಬಲಗೈ ಸೊರಗಿತ್ತು, ಹಿಡಿತ ಸಡಿಲವಾಗಿತ್ತು. ಬೆರಳುಗಳ ಮೇಲೆ ಹೊಸ, ಹಳೆಯ ಸುಟ್ಟ ಗಾಯಗಳಿದ್ದವು.

“ಇವೆಲ್ಲ ಹೇಗಾದವು?” ಎಂದೆ.

“ಬಿರಿಯಾನಿ ಡೇಗ್ಚಿ ಮುಚ್ಚಳ ಬರಿಗೈಲೇ ತೆಗೀತೀನಿ ಮೇಡಂ. ನನ್ನಂಗೆ ಬಿಸಿ ತಡಕಳೋರು ಈ ಕಡೆ ಯಾರೂ ಇಲ್ಲ,” ಎಂದು ಎದೆಯುಬ್ಬಿಸಿದರು.

ಜೊತೆಗಿದ್ದ ಹೆಂಡತಿ ಜುಬೇದಾ ನಗಲಿಲ್ಲ. “ಚರ್ಮ ಸುಟ್ಟ ವಾಸನೆ ಬಂದ್ಮೇಲೇ ಇವ್ರಿಗೆ ಗೊತ್ತಾಗೋದು.”

ನನಗೆ ಅನುಮಾನ ಬಂತು. ಕಣ್ಣು ಮುಚ್ಚಿಸಿ ಎರಡೂ ಕೈ ಪರೀಕ್ಷಿಸಿದೆ. ಹತ್ತಿ ಸೋಕಿದರೆ ತಿಳಿಯುತ್ತಿತ್ತು. ಪಿನ್ನು ಚುಚ್ಚಿದರೆ ನೋವಿಲ್ಲ. ಬಿಸಿನೀರು, ತಣ್ಣೀರು ಎರಡೂ ಒಂದೇ. ಕಾಲಿನಲ್ಲಿ ಮಾತ್ರ ಎಲ್ಲವೂ ಸರಿಯಿತ್ತು. ಇದು ಭುಜದ ತೊಂದರೆಯಲ್ಲ, ಬೆನ್ನುಹುರಿಯದ್ದಿರಬಹುದು ಎಂದು ವೈದ್ಯರಿಗೆ ತಿಳಿಸಿದೆ. ಎಂಆರ್‌ಐ ಅದನ್ನೇ ಹೇಳಿತು: ಸಿರಿಂಗೋಮೈಲಿಯಾ. ಮೆದುಳಿನ ಹಿಂಭಾಗದ ಕೆಳತುದಿ ಕುತ್ತಿಗೆಯತ್ತ ಜಾರಿ, ಬೆನ್ನುಹುರಿಯ ಸುತ್ತ ಹರಿಯುವ ದ್ರವದ ಹಾದಿಯನ್ನು ಕಟ್ಟಿತ್ತು. ಬೆನ್ನುಹುರಿಯೊಳಗೆ ನೀರು ತುಂಬಿದ ಟೊಳ್ಳು ಬೆಳೆದಿತ್ತು.

ನರಶಸ್ತ್ರಚಿಕಿತ್ಸಕರು ಮುಚ್ಚುಮರೆಯಿಲ್ಲದೆ ಹೇಳಿದರು. ಲಕ್ಷಣ ಕಡಿಮೆಯಿದ್ದರೆ ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾಯಬಹುದಿತ್ತು. ಕೈ ಬಲಗುಂದುತ್ತಿರುವುದರಿಂದ ಶಸ್ತ್ರಚಿಕಿತ್ಸೆಯೇ ಮೇಲು. ಅದರಿಂದ ಕಾಯಿಲೆ ಮುಂದುವರಿಯುವುದು ನಿಲ್ಲಬಹುದು, ಕಳೆದುಹೋದ ಬಿಸಿ-ನೋವಿನ ಅರಿವು ಮರಳುವ ಭರವಸೆಯಿಲ್ಲ.

ಸಾಹೇಬರು ನೇರವಾಗಿ ನನ್ನ ಬಳಿ ಬಂದರು. “ಮೊದಲಿನಂಗೆ ಆಗಲ್ಲ ಅಂದ್ರೆ ಕುತ್ತಿಗೆ ಯಾಕೆ ಕುಯ್ಸ್ಕಬೇಕು ಮೇಡಂ?”

“ಈಗ ಉಳಿದಿರೋ ಶಕ್ತಿನೂ ಹೋಗದಂಗೆ ನೋಡ್ಕಳಾಕೆ.”

ಬಿಸಿ ತಿಳಿಯದವನು ಒಲೆ ಮುಂದೆ ಹೇಗೆ ನಿಲ್ಲುವುದು ಎಂಬ ಚಿಂತೆ ಅವರದು. ಜುಬೇದಾ ಮೆಲ್ಲಗೆ ಹೇಳಿದರು: “ಬಿಸಿ ನೋಡಾಕೆ ನಾನಿದೀನಿ. ರುಚಿ ನೀವು ನೋಡ್ರಿ.”

ಶಸ್ತ್ರಚಿಕಿತ್ಸೆ ಆಯಿತು. ಗಾಯ ಮಾಗಿದ ಮೇಲೆ ನಾವು ಬೆರಳಿನ ಹಿಡಿತದಿಂದ ವ್ಯಾಯಾಮ ಶುರುಮಾಡಿದೆವು. ಭಾರ ಎತ್ತುವುದನ್ನು ಬಿಡಿಸಿದೆ, ದಪ್ಪ ಕೈಗವಸು ಹಾಕಿಸಿದೆ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡುವುದನ್ನು ಕಲಿಸಿದೆ. ಮದುವೆ ಅಡುಗೆಯ ಜಾಗಕ್ಕೆ ಎಂದೂ ಹೋಗದಿದ್ದ ಜುಬೇದಾ ಈಗ ಗಂಡನ ಜೊತೆ ಒಲೆ ಮುಂದೆ ನಿಂತರು. ಕೆಲವರು ಆಡಿಕೊಂಡರು, ಆಮೇಲೆ ಊಟಕ್ಕೆ ಕುಳಿತು ಸುಮ್ಮನಾದರು.

ಮರುವರ್ಷದ ಸ್ಕ್ಯಾನಿನಲ್ಲಿ ಟೊಳ್ಳು ಕುಗ್ಗಿತ್ತು. ಕೈ ಇನ್ನಷ್ಟು ಸೊರಗಿರಲಿಲ್ಲ. ಚಿತ್ರ ತೋರಿಸುತ್ತಿದ್ದಾಗ ಸಾಹೇಬರು ಕೇಳಿದರು: “ಮೇಡಂ, ಇನ್ನು ಈ ಕೈಗೆ ನೋವು ಯಾವಾಗ ಬರುತ್ತೆ?”

ಅಷ್ಟು ವರ್ಷ ನನ್ನಲ್ಲಿಗೆ ಬಂದವರೆಲ್ಲ ನೋವು ಯಾವಾಗ ಹೋಗುತ್ತದೆ ಎಂದೇ ಕೇಳಿದ್ದರು. ನೋವಿನ ಬೆಲೆಯನ್ನು ನನಗೆ ಕಲಿಸಿದವರು ಇವರೊಬ್ಬರೇ. “ಬರದೇ ಇರಬಹುದು ಸಾಹೇಬ್ರೇ,” ಎಂದೆ. ಅವರು ತಲೆಯಾಡಿಸಿದರು. “ಆಗ್ಲಿ ಬಿಡ್ರಿ, ಸಂಜೆ ಬಬ್ಬೂರಾಗೆ ಮದುವೆ ಐತೆ,” ಎಂದು ಎದ್ದರು. ನಾನು ಬಾಗಿಲವರೆಗೂ ಹೋಗಿ ಬೀಳ್ಕೊಟ್ಟೆ. ಆ ದಿನ ನನ್ನ ಕೆಲಸದ ಬಗ್ಗೆ ನನಗೆ ತುಂಬ ಹೆಮ್ಮೆಯೆನಿಸಿತ್ತು.