ದಾರಿ ಕೇಳದ ಯಜಮಾನರು

ಬೆಟ್ಟದ ನೆತ್ತಿಯ ನಮ್ಮ ಕೋಟೆಯೂರಿನ ಓಣಿಗಳನ್ನು ಹಿಂದಿನವರು ಕಟ್ಟಿದ್ದೇ ನುಗ್ಗಿ ಬಂದ ಶತ್ರು ದಿಕ್ಕುಗೆಟ್ಟು ಅಲೆಯಲಿ ಎಂದು. ಈಗ ಶತ್ರುಗಳಿಲ್ಲ, ಆ ಅಲೆದಾಟವನ್ನು ವರ್ಷಕ್ಕೊಮ್ಮೆ ರಜೆಗೆ ಬರುವ ಈ ಯಜಮಾನರು ವಹಿಸಿಕೊಂಡಿದ್ದಾರೆ. ಹೆಬ್ಬಾಗಿಲವರೆಗೆ ವ್ಯಾನು ಬಂದರೂ ಹತ್ತುವುದಿಲ್ಲ. ‘ಕೋಟೇನ ಕಾಲಲ್ಲೇ ಗೆಲ್ಬೇಕು’ ಎಂದು ಪ್ಯಾಂಟಿನ ತುದಿ ಮಡಚಿ, ಕೊಡೆಯನ್ನು ಕತ್ತಿಯಂತೆ ಹಿಡಿದು, ಹೆಂಡತಿಯನ್ನು ಹಿಂದಿಟ್ಟುಕೊಂಡು ನುಗ್ಗುತ್ತಾರೆ. ದಾರಿ ಕೇಳುವುದೆಂದರೆ ಅವರಿಗೆ ಕೋಟೆಯನ್ನೇ ಒಪ್ಪಿಸಿಬಿಟ್ಟಂತೆ. ಬಾವಿಯ ಪಕ್ಕದ ನನ್ನ ಟೀ ಅಂಗಡಿಯ ಮುಂದೆ ಮತ್ತೆ ಮತ್ತೆ ಹಾದುಹೋಗುತ್ತಾರೆ, ಪ್ರತಿ ಸಲವೂ ಈಗಷ್ಟೇ ಊರಿಗೆ ಕಾಲಿಟ್ಟವರ ಗತ್ತಿನಲ್ಲಿ. ‘ಅದೇ ಬಾವಿ ಕಣ್ರೀ’ ಎಂದು ಹೆಂಡತಿ ಹೇಳಿದರೆ, ‘ಸುಮ್ನಿರೇ, ಇದು ಬೇರೆ ಬಾವಿ’ ಎನ್ನುತ್ತಾರೆ. ಒಮ್ಮೆ ಯಾರದೋ ಅಡುಗೆಮನೆಗೇ ನುಗ್ಗಿ, ಒಲೆಯ ಮುಂದಿದ್ದ ಅಜ್ಜಿಗೆ ‘ಇದು ಹಿಂದೆ ಕಾವಲುಕೋಣೆ’ ಎಂದು ವಿವರಿಸಿ ಬಂದರಂತೆ. ಯಜಮಾನರು ಬುರುಜು ನೋಡುತ್ತಿರುವಾಗ ಅವರ ಹೆಂಡತಿ ನನ್ನ ಬಳಿ ಬಂದು, ಕೆಳಗಿಳಿಯುವ ದಾರಿಯನ್ನು ಪಿಸುಮಾತಿನಲ್ಲಿ ಕೇಳಿಕೊಳ್ಳುತ್ತಾರೆ. ಆದರೆ ಗಂಡನಿಗೆ ಹೇಳುವುದಿಲ್ಲ. ತಿರುಗಬೇಕಾದ ಮೂಲೆ ಬಂದಾಗ ಆ ದಿಕ್ಕಿಗೆ ಮುಖಮಾಡಿ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಾರೆ, ಅಷ್ಟೇ. ಕಾಯುತ್ತ ನಿಂತ ಯಜಮಾನರು ಆಚೀಚೆ ನೋಡಿ, ‘ಇದೇ ದಾರಿ, ನಾನ್ ಹೇಳ್ಲಿಲ್ವಾ?’ ಎಂದು ಅತ್ತ ತಿರುಗುತ್ತಾರೆ. ಪಾಪ, ಇವರಿಗೇನೂ ಗೊತ್ತಾಗುವುದಿಲ್ಲ ಎಂದೇ ನಾನು ಒಳಗೊಳಗೆ ನಗುತ್ತಿದ್ದೆ. ಮೊನ್ನೆ ನನ್ನ ಅಂಗಡಿಯ ಮುಂದಿನ ಕವಲಿನಲ್ಲಿ ಆ ತಾಯಿ ಏನೋ ಮಾತಿನ ಗುಂಗಿನಲ್ಲಿ ಬಗ್ಗುವುದನ್ನೇ ಮರೆತರು. ಯಜಮಾನರು ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ಹೆಂಡತಿ ಕೈಯೂರಲೆಂದು ಭುಜ ತಗ್ಗಿಸಿ ಮೆಲ್ಲಗೆ ಕೇಳಿದರು: ‘ಯಾಕೇ, ಇಲ್ಲಿ ಚಪ್ಪಲಿ ಸಡಿಲ ಆಗ್ಲಿಲ್ವಾ?’